ಮನೆಯಲ್ಲೇ ಕಾಫಿ ಬೀಜ ಹುರಿಯಲು ಬಾಣಲೆಯೋ, ಡ್ರಮ್ಮೋ, ಪಾಪ್‌ಕಾರ್ನ್ ಮಷೀನೋ?

ಯಾವ ಉಪಕರಣ ತಗೊಳ್ಳೋದು ಅಂತ ಯೋಚಿಸುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ನಿಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಕಾಫಿ ಪುಡಿ ಖರ್ಚಾಗುತ್ತದೆ?

ಒಂದು ಲೋಟ ಫಿಲ್ಟರ್ ಕಾಫಿಗೆ ಸುಮಾರು 8ರಿಂದ 10 ಗ್ರಾಂ ಪುಡಿ ಬೇಕು. ನಾಲ್ಕು ಜನ, ದಿನಕ್ಕೆ ಎರಡು ಸಲ ಕುಡಿದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ. ಅದರಲ್ಲಿ 20 ಪರ್ಸೆಂಟ್ ಚಿಕೋರಿ ಇದ್ದರೆ ಬರೀ ಕಾಫಿ 400 ಗ್ರಾಂ. ಹುರಿದಾಗ ಬೀಜದ ತೂಕ ಸುಮಾರು ಆರನೇ ಒಂದು ಭಾಗ ಇಳಿಯುತ್ತದೆ. ಅಂದರೆ ವಾರಕ್ಕೆ 480 ಗ್ರಾಂ ಹಸಿ ಬೀಜ ಹುರಿಯಬೇಕು.

ಈಗ ನೋಡಿ. ಪಾಪ್‌ಕಾರ್ನ್ ಮಷೀನಿಗೆ ಒಂದು ಸಲಕ್ಕೆ 80 ಗ್ರಾಂ ಹಿಡಿಯುತ್ತದೆ. ಅದರಲ್ಲಿ ಆರು ಸಲ ಹುರಿಯಬೇಕು. ಬಾಣಲೆಯಲ್ಲಾದರೆ ಎರಡು ಮೂರು ಸಲ. ಕೈಯಲ್ಲಿ ತಿರುಗಿಸುವ ಡ್ರಮ್ಮಿನಲ್ಲಿ ಎರಡು ಸಲ. ನಾನು ಈ ಲೆಕ್ಕ ಮಾಡದೆ ಮೊದಲು ಪಾಪ್‌ಕಾರ್ನ್ ಮಷೀನ್ ತಂದೆ. ಬಂದ ಕಾಫಿ ಚೆನ್ನಾಗಿತ್ತು, ಆದರೆ ಪ್ರತಿ ಭಾನುವಾರ ಬೆಳಗ್ಗೆ ಪೂರ್ತಿ ಅದರ ಮುಂದೆಯೇ ಕಳೆಯುತ್ತಿತ್ತು. ಒಬ್ಬರೇ ಇರುವವರಿಗೆ, ದಿನಕ್ಕೊಂದು ಕಪ್ ಬ್ಲ್ಯಾಕ್ ಕಾಫಿ ಕುಡಿಯುವವರಿಗೆ ಅದೇ ಮಷೀನ್ ಸಾಕಾಗುತ್ತದೆ. ಉಪಕರಣದ ಆಯ್ಕೆ ಶುರುವಾಗುವುದೇ ಇಲ್ಲಿಂದ.

ಹುರಿಯುವಾಗ ಏನಾಗುತ್ತದೆ

ಇದು ಗೊತ್ತಿದ್ದರೆ ಯಾವ ಪಾತ್ರೆ ಯಾಕೆ ಸರಿ, ಯಾವುದು ಯಾಕೆ ಸರಿಯಲ್ಲ ಅನ್ನೋದು ತಾನಾಗಿಯೇ ತಿಳಿಯುತ್ತದೆ.

ಹಸಿ ಬೀಜದಲ್ಲಿ 10ರಿಂದ 12 ಪರ್ಸೆಂಟ್ ನೀರಿರುತ್ತದೆ. ಮೊದಲ ನಾಲ್ಕೈದು ನಿಮಿಷ ಅದು ಆರುತ್ತದೆ. ಆಗ ಒದ್ದೆ ಹುಲ್ಲಿನ ವಾಸನೆ. ಬಣ್ಣ ಹಸಿರಿನಿಂದ ಹಳದಿಗೆ ತಿರುಗಿದಾಗ ಬ್ರೆಡ್ ಸುಟ್ಟಂಥ ವಾಸನೆ ಬರುತ್ತದೆ. ಆಮೇಲೆ ಕಂದು ಬಣ್ಣ. ಬೀಜದ ಬಿಸಿ 196 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಳಗಿನ ಹಬೆ ಬೀಜವನ್ನು ಒಡೆದು ಹೊರಗೆ ಬರುತ್ತದೆ. ಜೋಳ ಅರಳಾಗುವಾಗ ಕೇಳಿಸುವಂಥ ದಪ್ಪ ಸದ್ದು. ಇದನ್ನು ಎಲ್ಲರೂ ಫಸ್ಟ್ ಕ್ರ್ಯಾಕ್ ಅನ್ನುತ್ತಾರೆ. ಬೀಜ ಉಬ್ಬುತ್ತದೆ, ತೆಳ್ಳನೆಯ ಹೊಟ್ಟು ಕಳಚಿಕೊಳ್ಳುತ್ತದೆ. ಇಲ್ಲಿಂದ ಮುಂದೆ ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಕುಡಿಯುವಂಥ ಕಾಫಿ ಸಿಗುತ್ತದೆ.

ಇನ್ನೂ ಮುಂದೆ ಹೋದರೆ 224 ಡಿಗ್ರಿ ಹತ್ತಿರ ಎರಡನೇ ಸದ್ದು. ಇದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಸಣ್ಣಗೆ, ಬೇಗ ಬೇಗ. ಇದು ಸೆಕೆಂಡ್ ಕ್ರ್ಯಾಕ್. ಬೀಜದ ಮೇಲೆ ಎಣ್ಣೆ ಕಾಣಲು ಶುರುವಾಗುತ್ತದೆ, ಹೊಗೆ ದಟ್ಟವಾಗುತ್ತದೆ. ನಮ್ಮ ಹಾಲಿನ ಫಿಲ್ಟರ್ ಕಾಫಿಗೆ ಬೇಕಾದ ಹದ ಈ ಎರಡು ಸದ್ದುಗಳ ನಡುವೆ, ಎರಡನೆಯದರ ಬಾಗಿಲ ಹತ್ತಿರ ಇರುತ್ತದೆ. ಎರಡನೇ ಸದ್ದು ಜೋರಾದ ಮೇಲೂ ಉರಿಯ ಮೇಲೆ ಬಿಟ್ಟರೆ ಒಂದೆರಡು ನಿಮಿಷದಲ್ಲೇ ಇದ್ದಿಲು.

ಹಾಗಾಗಿ ಯಾವ ಉಪಕರಣವನ್ನಾದರೂ ನಾನು ಮೂರೇ ಮಾತು ಕೇಳಿ ಅಳೆಯುತ್ತೇನೆ. ಬೀಜ ಒಂದು ಕಡೆ ನಿಲ್ಲದೆ ಅಲುಗುತ್ತಿರುತ್ತದಾ? ಸದ್ದು, ಬಣ್ಣ, ವಾಸನೆ ನನಗೆ ಗೊತ್ತಾಗುತ್ತದಾ? ಬೇಕೆಂದಾಗ ತಕ್ಷಣ ಹೊರಗೆ ಸುರಿದು ತಣಿಸಬಹುದಾ? ಈ ಮೂರಕ್ಕೂ ಹೌದು ಅನ್ನುವ ಉಪಕರಣ ಅಗ್ಗದ್ದಾದರೂ ಒಳ್ಳೆಯದು.

ಬಾಣಲೆ

ಮೂಡಿಗೆರೆ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ದಪ್ಪ ಕಬ್ಬಿಣದ ಬಾಣಲೆಯಲ್ಲೇ ಹುರಿಯುತ್ತಿದ್ದರು. ಸೌದೆ ಒಲೆ. ಬೀಜ ಕಂದಾಗುತ್ತಿದ್ದ ಹಾಗೆ ದೊಡ್ಡಮ್ಮ ಸೌದೆ ಹಿಂದಕ್ಕೆ ಎಳೆದು ಉರಿ ಇಳಿಸುತ್ತಿದ್ದರು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಇಳಿಸಿದ ಕೂಡಲೇ ಮೊರಕ್ಕೆ ಸುರಿದು ಅಂಗಳದಲ್ಲಿ ಕೇರುತ್ತಿದ್ದರು. ಹೊಟ್ಟು ಹಾರುತ್ತಿತ್ತು, ಬೀಜ ತಣಿಯುತ್ತಿತ್ತು. ಎರಡೂ ಕೆಲಸ ಒಂದೇ ಏಟಿಗೆ. ಇವತ್ತಿಗೂ ಮನೆಯಲ್ಲಿ ಹುರಿಯುವವರಿಗೆ ಮೊರಕ್ಕಿಂತ ಒಳ್ಳೆಯ ಸಾಮಾನು ನನಗೆ ಕಂಡಿಲ್ಲ.

ಬಾಣಲೆಯ ಒಳ್ಳೆಯ ಗುಣ ಎಂದರೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಖರ್ಚಿಲ್ಲ. ತೊಂದರೆ ಎಂದರೆ ಬಿಸಿ ಬರುವುದು ಕೆಳಗಿನಿಂದ ಮಾತ್ರ, ಲೋಹ ತಾಗಿದ ಕಡೆ ಮಾತ್ರ. ಕಾಫಿ ಬೀಜದ ಒಂದು ಮೈ ಚಪ್ಪಟೆ. ಅದು ತಳಕ್ಕೆ ಅಂಟಿಕೊಂಡು ಕೂತರೆ ಅಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಒಂದು ಬೀಜ ಕಪ್ಪಾದರೆ ಪಕ್ಕದ್ದು ಇನ್ನೂ ಕಂದು. ಹಾಲು, ಸಕ್ಕರೆ ಹಾಕಿದ ಕಾಫಿಯಲ್ಲಿ ಈ ಹೆಚ್ಚುಕಡಿಮೆ ಅಷ್ಟಾಗಿ ಗೊತ್ತಾಗುವುದಿಲ್ಲ. ಬ್ಲ್ಯಾಕ್ ಕಾಫಿಯಲ್ಲಿ ಗೊತ್ತಾಗುತ್ತದೆ.

ಪೀಬೆರಿ ಇದ್ದರೆ ಬಾಣಲೆಗೆ ಅದನ್ನೇ ಆರಿಸಿ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೆಳೆದು ಗುಂಡಗಾದದ್ದು ಅದು. ಚಪ್ಪಟೆ ಮೈ ಇಲ್ಲ, ತಾನೇ ಉರುಳುತ್ತದೆ. ಬಾಣಲೆಯಲ್ಲಿ ಒಂದೇ ಸಮ ಹುರಿಯುವುದು ಎಷ್ಟೋ ಸುಲಭ.

200 ಗ್ರಾಂ ಹಾಕಿ, ಮಧ್ಯಮ ಉರಿ, ಮರದ ಸಟ್ಟುಗ, 15ರಿಂದ 18 ನಿಮಿಷ. ಕೈ ನೋಯುತ್ತದೆ, ಅದಂತೂ ನಿಜ. ನಾನ್‌ಸ್ಟಿಕ್ ಪಾತ್ರೆ ಮಾತ್ರ ಬೇಡವೇ ಬೇಡ. ಆ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗಿ ಕೆಟ್ಟ ಹೊಗೆ ಬಿಡುತ್ತದೆ. ಜೋರು ಉರಿಯಲ್ಲಿ ಬಾಣಲೆಯ ತಳ ಆ ಬಿಸಿಗೆ ಬೇಗ ಹೋಗಿಬಿಡುತ್ತದೆ. ಮನೆಯಲ್ಲಿ ಗಿಳಿಯೋ ಬೇರೆ ಹಕ್ಕಿಯೋ ಇದ್ದರೆ ಆ ಹೊಗೆ ಅವುಗಳ ಪ್ರಾಣಕ್ಕೇ ಅಪಾಯ.

ದೊಡ್ಡಮ್ಮ ಇಳಿಸುವ ಮೊದಲು ಅರ್ಧ ಚಮಚ ತುಪ್ಪ ಹಾಕುತ್ತಿದ್ದರು. ಪರಿಮಳ ಚೆನ್ನಾಗಿರುತ್ತಿತ್ತು. ಅವರ ಮನೆಯಲ್ಲಿ ಹತ್ತು ಜನ, ಪುಡಿ ಮೂರು ದಿನಕ್ಕೆ ಖಾಲಿ. ನಮ್ಮ ಹಾಗೆ ಎರಡು ವಾರ ಇಟ್ಟುಕೊಳ್ಳುವವರು ತುಪ್ಪ ಹಾಕಬಾರದು. ಜಿಡ್ಡು ಹಳಸಿದ ವಾಸನೆ ಬರುತ್ತದೆ, ಪುಡಿ ಮಾಡುವ ಯಂತ್ರಕ್ಕೂ ಮೆತ್ತಿಕೊಳ್ಳುತ್ತದೆ.

ಕೈಯಲ್ಲಿ ತಿರುಗಿಸುವ ಡ್ರಮ್

ಹಾಲು ಹಾಕಿ ಫಿಲ್ಟರ್ ಕಾಫಿ ಕುಡಿಯುವ ಮನೆಗೆ ನನ್ನ ಆಯ್ಕೆ ಇದೇ. ಹಿಂದೆ ಮೈಸೂರು, ಬೆಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಇದ್ದಿಲ ಒಲೆಯ ಮೇಲಿಟ್ಟು ತಿರುಗಿಸುವ ಕಬ್ಬಿಣದ ಡಬ್ಬಿ ಇರುತ್ತಿತ್ತು. ಅದರದ್ದೇ ಹೊಸ ರೂಪ ಇದು. ಗ್ಯಾಸ್ ಒಲೆಯ ಮೇಲೆ ಕೂರುವ ಚೌಕಟ್ಟು, ಅದರಲ್ಲಿ ಅಡ್ಡ ಮಲಗಿದ ಉರುಳೆ, ಒಂದು ಹಿಡಿಕೆ.

ಬಾಣಲೆಗಿಂತ ಇದು ಯಾಕೆ ಮೇಲು? ಬೀಜ ಒಂದು ಕಡೆ ಕೂರುವುದೇ ಇಲ್ಲ. ಪ್ರತಿ ಸುತ್ತಿಗೂ ಮೇಲೆ ಹೋಗಿ ಕೆಳಗೆ ಬೀಳುತ್ತದೆ. ಲೋಹದ ಬಿಸಿಯ ಜೊತೆ ಒಳಗಿನ ಬಿಸಿಗಾಳಿಯೂ ತಾಗುತ್ತದೆ. ಉರಿ ಜಾಸ್ತಿ ಕಡಿಮೆ ಮಾಡುವುದು ಒಲೆಯ ತಿರುಪಿನಲ್ಲೇ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. 250 ಗ್ರಾಂ ಬೀಜ 12ರಿಂದ 16 ನಿಮಿಷದಲ್ಲಿ ಸಿದ್ಧ. ಇಷ್ಟು ನಿಧಾನವಾಗಿ ಹುರಿದ ಬೀಜದ ಡಿಕಾಕ್ಷನ್ ಗಟ್ಟಿಯಾಗಿ, ದುಂಡಗಿನ ರುಚಿಯಾಗಿ ಇಳಿಯುತ್ತದೆ. ಹಾಲು ಸೇರಿದ ಮೇಲೂ ಕಾಫಿಯ ರುಚಿ ಮುಂದೆಯೇ ನಿಲ್ಲುತ್ತದೆ.

ತಗೊಳ್ಳುವಾಗ ಎರಡು ಥರದ್ದು ಕಾಣುತ್ತವೆ. ಒಂದು ತೂತು ತೂತಿನ ಉರುಳೆ. ಬೀಜ ಕಣ್ಣಿಗೆ ಕಾಣುತ್ತದೆ, ಹೊಟ್ಟು ಹೊರಗೆ ಬೀಳುತ್ತದೆ. ಆದರೆ ಆ ಹೊಟ್ಟು ಬರ್ನರ್ ಮೇಲೆಯೇ ಬಿದ್ದು ಕಿಡಿಯಾಗಿ ಹಾರುತ್ತದೆ. ಉರಿಯೂ ತೂತಿನೊಳಗಿಂದ ನೇರ ಬೀಜಕ್ಕೆ ತಾಗುತ್ತದೆ. ಇನ್ನೊಂದು ಪೂರ್ತಿ ಮುಚ್ಚಿದ ಗೋಡೆಯದ್ದು. ಬಿಸಿ ಒಂದೇ ಸಮ ಇರುತ್ತದೆ, ಆದರೆ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಕಿವಿ ಮತ್ತು ಮೂಗನ್ನೇ ನಂಬಬೇಕು. ನಾನು ಮುಚ್ಚಿದ್ದನ್ನೇ ಇಟ್ಟುಕೊಂಡಿದ್ದೇನೆ. ನಾಲ್ಕೈದು ಸಲ ಹುರಿದ ಮೇಲೆ ಕಿವಿ ತಾನಾಗಿ ಪಳಗಿತು.

ಯಾವುದೇ ಇರಲಿ, ಒಳಗೆ ಕೈ ಹಾಕಿ ನೋಡಿ. ರೆಕ್ಕೆಯ ಹಾಗೆ ಎರಡು ಮೂರು ತಗಡಿನ ಪಟ್ಟಿ ಇರಬೇಕು. ಅವು ಇಲ್ಲದಿದ್ದರೆ ಉರುಳೆ ತಿರುಗುತ್ತದೆ, ಬೀಜ ಕೆಳಗೇ ಜಾರುತ್ತಾ ಇರುತ್ತದೆ. ಆಗ ಬಾಣಲೆಗೂ ಅದಕ್ಕೂ ವ್ಯತ್ಯಾಸ ಇಲ್ಲ. ಬಾಗಿಲು ದೊಡ್ಡದಿರಬೇಕು. ಹದ ಬಂದ ಮೇಲೆ ಹತ್ತು ಸೆಕೆಂಡಿನಲ್ಲಿ ಪೂರ್ತಿ ಬೀಜ ಹೊರಗೆ ಬೀಳಬೇಕು. ಹಿಡಿಕೆ ಮರದ್ದಾಗಿರಲಿ. ನಿಮಿಷಕ್ಕೆ 40ರಿಂದ 60 ಸುತ್ತು ಸಾಕು. ವಯಸ್ಸಾದವರಿಗೆ, ತೋಳು ನೋವಿರುವವರಿಗೆ ಮೋಟರ್ ಕೂರಿಸಿದ್ದು ಸಿಗುತ್ತದೆ. ಕೊರಿಯಾದ ಕಾಲ್ಡಿ ಇದೇ ಜಾತಿಯದ್ದು. ಗ್ಯಾಸ್ ಒಲೆಯ ಮೇಲೆ ಕೂರುತ್ತದೆ, ಥರ್ಮಾಮೀಟರ್ ಇದೆ, ಮಧ್ಯೆ ನಾಲ್ಕು ಬೀಜ ಹೊರತೆಗೆದು ನೋಡಲು ಸಣ್ಣ ಚಮಚವೂ ಇದೆ. ಆ ಚಮಚ ಬಹಳ ಉಪಯೋಗದ್ದು.

ಪಾಪ್‌ಕಾರ್ನ್ ಮಷೀನ್

ಇದು ಬಿಸಿಗಾಳಿಯಿಂದ ಹುರಿಯುತ್ತದೆ. ಬೀಜ ಗಾಳಿಯಲ್ಲೇ ತೇಲುತ್ತಾ ತಿರುಗುವುದರಿಂದ ಬಣ್ಣ ಒಂದೇ ಸಮ ಬರುತ್ತದೆ, ಹೊಟ್ಟು ತಾನೇ ಹಾರಿಹೋಗುತ್ತದೆ. ಕಾಫಿಯ ಹುಳಿ, ಹಣ್ಣಿನ ಪರಿಮಳ ಸ್ಪಷ್ಟವಾಗಿ ಸಿಗುತ್ತದೆ. ಬಾಬಾಬುಡನ್‌ಗಿರಿ ಕಡೆಯ ಒಳ್ಳೆಯ ಅರೇಬಿಕಾ ತಂದು, ಫಸ್ಟ್ ಕ್ರ್ಯಾಕ್ ಮುಗಿಯುತ್ತಿದ್ದ ಹಾಗೆ ನಿಲ್ಲಿಸಿ, ಹಾಲಿಲ್ಲದೆ ಕುಡಿದು ನೋಡಿ. ಅದೇ ಬೀಜಕ್ಕೆ ಚಿಕೋರಿ, ಹಾಲು ಸೇರಿಸಿದರೆ ಮಾತ್ರ ತೆಳ್ಳಗೆ, ಹುಳಿಹುಳಿ ಅನ್ನಿಸುತ್ತದೆ. ಬೀಜದ್ದೇನೂ ತಪ್ಪಿಲ್ಲ, ಆ ಹದ ಹಾಲಿಗೆ ಹೊಂದುವುದಿಲ್ಲ ಅಷ್ಟೇ.

ಅಂಗಡಿಯಲ್ಲಿ ಮುಚ್ಚಳ ತೆಗೆದು ಒಳಗೆ ನೋಡದೆ ತಗೊಳ್ಳಬೇಡಿ. ಬಟ್ಟಲಿನ ಪಕ್ಕದ ಗೋಡೆಯಲ್ಲಿ ಓರೆ ಸೀಳುಗಳಿದ್ದರೆ ಗಾಳಿ ಸುತ್ತುತ್ತಾ ಬರುತ್ತದೆ. ಅದು ಸರಿ. ತಳದಲ್ಲಿ ಬಲೆ ಇದ್ದು ಕೆಳಗಿನಿಂದ ನೇರ ಗಾಳಿ ಬರುವಂಥದ್ದು ಬೇಡ. ಹೊಟ್ಟಿನ ಚೂರು ಆ ಬಲೆಯೊಳಗೆ ಇಳಿದು ಬಿಸಿ ತಂತಿಯ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು.

ವೇಗ ಇದರ ದೊಡ್ಡ ತೊಂದರೆ. ನಾಲ್ಕೈದು ನಿಮಿಷದಲ್ಲೇ ಫಸ್ಟ್ ಕ್ರ್ಯಾಕ್ ಬಂದುಬಿಡುತ್ತದೆ. ಎರಡನೆಯದು ಹಿಂದೆಯೇ. ಒಂದು ಫೋನ್ ಕಾಲ್ ತಗೊಂಡರೆ ಕಥೆ ಮುಗಿಯಿತು. ಇನ್ನೊಂದು ವಿಷಯ ವೋಲ್ಟೇಜ್. ಸಂಜೆ ವೋಲ್ಟೇಜ್ ಇಳಿದರೆ ಫ್ಯಾನೂ ನಿಧಾನ, ಬಿಸಿಯೂ ಕಡಿಮೆ. ಬೆಳಗ್ಗೆ ಐದು ನಿಮಿಷಕ್ಕೆ ಬಂದ ಹದ ಸಂಜೆ ಎಂಟು ನಿಮಿಷವಾದರೂ ಬರುವುದಿಲ್ಲ. ಗಡಿಯಾರ ನೋಡಿ ಹುರಿಯುವುದು ಇಲ್ಲಿ ನಡೆಯುವುದಿಲ್ಲ. ನನ್ನ ಮಷೀನಿನ ಪ್ಲಾಸ್ಟಿಕ್ ಮುಚ್ಚಳ ಎರಡನೇ ತಿಂಗಳಿಗೇ ಕರಗಿ ಸೊಟ್ಟಗಾಯಿತು. ಇದನ್ನು ಮಾಡಿರುವುದು ಜೋಳಕ್ಕಾಗಿ, ಕಾಫಿಯಷ್ಟು ಬಿಸಿಗಲ್ಲ. ಒಂದು ಸಲ ಹುರಿದ ಮೇಲೆ 15–20 ನಿಮಿಷ ಆರಲು ಬಿಡಲೇಬೇಕು.

ಪ್ಲಗ್ ಬಗ್ಗೆಯೂ ಎಚ್ಚರ. 6 ಆಂಪ್ ಸಾಕೆಟ್ ಹೊರುವುದು ಹೆಚ್ಚೆಂದರೆ 1380 ವ್ಯಾಟ್. ಸಣ್ಣ ಪಾಪ್‌ಕಾರ್ನ್ ಮಷೀನ್ ಇದರೊಳಗೇ ಬರುತ್ತದೆ. ಹುರಿಯಲೆಂದೇ ಮಾಡಿದ ದೊಡ್ಡ ಮಷೀನುಗಳಿಗೆ ಗೀಸರ್‌ಗೆ ಹಾಕುವಂಥ 16 ಆಂಪ್ ಸಾಕೆಟ್ ಬೇಕು.

ಓವನ್, ಏರ್ ಫ್ರೈಯರ್, ಹೀಟ್ ಗನ್

ಓವನ್ ಬೇಡ. ಬೀಜ ಅಲುಗುವುದಿಲ್ಲ, ಟ್ರೇಯ ಅಂಚು ಕಪ್ಪು, ನಡು ಹಳದಿ. ಕಲಕಲು ಬಾಗಿಲು ತೆಗೆದರೆ ಬಿಸಿ ಹೊರಗೆ. ಏರ್ ಫ್ರೈಯರ್ ಸಾಮಾನ್ಯವಾಗಿ 200 ಡಿಗ್ರಿಗೆ ನಿಲ್ಲುತ್ತದೆ. ಬೀಜ ಫಸ್ಟ್ ಕ್ರ್ಯಾಕ್ ಹೊಸ್ತಿಲಲ್ಲೇ ಒದ್ದಾಡಿ, ಬಣ್ಣ ಬಂದರೂ ರುಚಿ ಸಪ್ಪೆ. ಹೊಟ್ಟು ಮೇಲಿನ ಕಾಯಿಲ್‌ಗೆ ಹಾರಿ ಅಂಟುತ್ತದೆ.

ಪೇಂಟ್ ಕೀಳುವ ಹೀಟ್ ಗನ್ ಮತ್ತು ಸ್ಟೀಲ್ ಬಟ್ಟಲು ಮಾತ್ರ ಗಮನಕ್ಕೆ ಅರ್ಹ. ಒಂದು ಕೈಯಲ್ಲಿ ಗನ್, ಇನ್ನೊಂದರಲ್ಲಿ ಸಟ್ಟುಗ. ಗನ್ ಹತ್ತಿರ ತಂದರೆ ಬಿಸಿ ಜಾಸ್ತಿ, ದೂರ ಹಿಡಿದರೆ ಕಡಿಮೆ. ಹಿಡಿತ ಬಹಳ ಚೆನ್ನಾಗಿ ಸಿಗುತ್ತದೆ. ಟೆರೇಸ್ ಇರುವವರು ಪ್ರಯತ್ನಿಸಬಹುದು. ಮಕ್ಕಳನ್ನು ದೂರ ಇಡಿ, ಅದರ ಬಾಯಿಯ ಗಾಳಿ 500 ಡಿಗ್ರಿವರೆಗೂ ಹೋಗುತ್ತದೆ.

ಹುರಿಯಲೆಂದೇ ಮಾಡಿದ ಮಷೀನುಗಳು

ಅಮೆರಿಕದಲ್ಲಿರುವ ನಮ್ಮವರು ಹೆಚ್ಚಾಗಿ ಕೇಳುವುದು ಫ್ರೆಶ್ ರೋಸ್ಟ್ ಮತ್ತು ಬೆಹ್‌ಮೋರ್ ಬಗ್ಗೆ. ಫ್ರೆಶ್ ರೋಸ್ಟ್ ಎಸ್‌ಆರ್ 800 ಬಿಸಿಗಾಳಿಯದ್ದು, 225 ಗ್ರಾಂವರೆಗೆ ಹಿಡಿಯುತ್ತದೆ. ಫ್ಯಾನನ್ನೂ ಬಿಸಿಯನ್ನೂ ಬೇರೆ ಬೇರೆ ತಿರುಗಿಸಬಹುದು. ಅದೇ ಅದರ ದೊಡ್ಡ ಬಲ. ಆದರೆ ಫ್ಯಾನಿನ ಗದ್ದಲದಲ್ಲಿ ಕ್ರ್ಯಾಕ್ ಕೇಳಲು ಕಿವಿ ಹತ್ತಿರ ಇಡಬೇಕು. ಬೆಹ್‌ಮೋರ್ ಡ್ರಮ್ಮಿನದ್ದು, ಸುಮಾರು 450 ಗ್ರಾಂವರೆಗೆ. ಹೊಗೆಯನ್ನು ಒಳಗೇ ಸುಡುವ ಏರ್ಪಾಡು ಇರುವುದರಿಂದ ಹೊಗೆ ಅಲಾರಂ ಇರುವ ಅಪಾರ್ಟ್‌ಮೆಂಟಿಗೆ ಅನುಕೂಲ. ತಣಿಸುವುದು ಮಾತ್ರ ನಿಧಾನ. ಹದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸುವ ಅಭ್ಯಾಸ ಬೇಕು. ಕೊರಿಯಾದ ಜೀನ್ ಕೆಫೆಯಲ್ಲಿ ಗಾಜಿನ ಉರುಳೆ ಓರೆಯಾಗಿ ತಿರುಗುತ್ತದೆ, 300 ಗ್ರಾಂ ಹಿಡಿಯುತ್ತದೆ, ಬಣ್ಣ ಚೆನ್ನಾಗಿ ಕಾಣುತ್ತದೆ. ಅದೂ ನಿಧಾನವಾಗಿಯೇ ತಣಿಸುತ್ತದೆ.

ಅಲ್ಲಿಂದ ಸೂಟ್‌ಕೇಸಿನಲ್ಲಿ ಊರಿಗೆ ತರುವವರಿಗೆ ಒಂದು ಮಾತು. ಅಮೆರಿಕದ ಮಷೀನ್ 120 ವೋಲ್ಟಿನದ್ದು, ನಮ್ಮ ಕರೆಂಟ್ 230. ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. 1600 ವ್ಯಾಟ್ ಹೊರುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮಷೀನಿನಷ್ಟೇ ಭಾರದ ವಸ್ತು. 220 ವೋಲ್ಟಿನದ್ದು ಸಿಕ್ಕರೆ ಮಾತ್ರ ತನ್ನಿ. ಒಂದು ಕೆಜಿ ಹುರಿಯುವ, ಇಂಡಕ್ಷನ್‌ನಿಂದ ಬಿಸಿಯಾಗುವ ಐಲಿಯೋ ಬುಲೆಟ್ ಕೂಡ ಇದೆ. ಅದರ ಬೆಲೆ ಲಕ್ಷ ದಾಟುತ್ತದೆ. ಮುಂದೆ ಸಣ್ಣದಾಗಿ ಮಾರಾಟ ಮಾಡುವ ಯೋಚನೆ ಇರುವ ತೋಟದವರಿಗೆ ಸರಿ, ಬರೀ ಮನೆ ಖರ್ಚಿಗೆ ಬೇಕಿಲ್ಲ. ಅಂಥವರು ಮಷೀನ್ ತಗೊಳ್ಳುವ ಮೊದಲು ಕಾಫಿ ಬೋರ್ಡ್ ನಡೆಸುವ ಕಾಪಿ ಶಾಸ್ತ್ರ ತರಬೇತಿಗೆ ಹೋಗಿಬಂದರೆ ಒಳ್ಳೆಯದು.

ಬೀಜಕ್ಕೆ ತಕ್ಕ ಉರಿ

ತೋಟ ಇರುವ ನೆಂಟರು ಪ್ರೀತಿಯಿಂದ ಒಂದು ಚೀಲ ಕೊಡುತ್ತಾರೆ. ಒಣಗಿದ ಚೆರ್ರಿ, ಅಂದರೆ ಇಡೀ ಕಾಫಿ ಹಣ್ಣು, ಕೊಟ್ಟಿದ್ದರೆ ಅದನ್ನು ಹಾಗೇ ಹುರಿಯಲಾಗದು. ಮೇಲಿನ ಸಿಪ್ಪೆ ಹಲ್ಲರ್‌ನಲ್ಲಿ ತೆಗೆಸಬೇಕು. ಬೀಜದ ಮೇಲಿನ ಒಣ ಪೊರೆ ಇನ್ನೂ ತೆಗೆಯದ ಪಾರ್ಚ್‌ಮೆಂಟ್ ಆದರೂ ಅಷ್ಟೇ. ನಮಗೆ ಬೇಕಾದದ್ದು ಕ್ಲೀನ್ ಕಾಫಿ, ಅಂದರೆ ಸಿಪ್ಪೆ, ಪೊರೆ ಎರಡೂ ತೆಗೆದ ಹಸಿ ಬೀಜ. ಹಾಗೆಂದೇ ಕೇಳಿ.

ಅರೇಬಿಕಾ ಮತ್ತು ರೋಬಸ್ಟಾ ಬೆರೆಸಿ ಕುಡಿಯುವ ಮನೆಯಾದರೆ ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸಿ. ಎರಡೂ ಒಂದೇ ಹೊತ್ತಿಗೆ ಹದಕ್ಕೆ ಬರುವುದಿಲ್ಲ. ರೋಬಸ್ಟಾದ ಕ್ರ್ಯಾಕ್ ಸದ್ದು ಮೆಲ್ಲಗೆ, ಕಿವಿಗೊಟ್ಟು ಕೇಳಬೇಕು. ಮಾನ್ಸೂನ್ಡ್ ಮಲಬಾರ್ ಇನ್ನೂ ಬೇರೆ. ಕರಾವಳಿಯ ಮುಂಗಾರು ಗಾಳಿಗೆ ವಾರಗಟ್ಟಲೆ ಹರಡಿ ಉಬ್ಬಿಸಿದ ಬೀಜ ಅದು, ಬಿಳಿಚಿಕೊಂಡು ಹಗುರಾಗಿರುತ್ತದೆ. ಮೊದಲಿಗೇ ಬಣ್ಣ ಬೇರೆಯಾಗಿರುವುದರಿಂದ ಬಣ್ಣ ನೋಡಿ ಹದ ಹೇಳುವುದು ಕಷ್ಟ. ಸಣ್ಣ ಉರಿಯಲ್ಲಿ ಡ್ರಮ್ಮಿನಲ್ಲೇ ಹುರಿಯಿರಿ. ಪಾಪ್‌ಕಾರ್ನ್ ಮಷೀನಿನಲ್ಲಿ ಅದು ಹಗುರವಾದ್ದರಿಂದ ಹೊರಗೇ ಹಾರುತ್ತದೆ.

ತಕ್ಕಡಿ, ಜರಡಿ, ಡಬ್ಬಿ

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಅಡುಗೆ ಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇರಲೇಬೇಕು. 250 ಗ್ರಾಂ ಹಾಕಿ 210 ಗ್ರಾಂ ಬಂದರೆ 16 ಪರ್ಸೆಂಟ್ ಇಳಿದಿದೆ, ಮಧ್ಯಮ ಹದ. 218 ಗ್ರಾಂ ಬಂದರೆ ತಿಳಿ ಹದ. 205ಕ್ಕಿಂತ ಕೆಳಗೆ ಇಳಿದರೆ ಕಡು ಹದ. ಚೆನ್ನಾಗಿ ಬಂದ ದಿನದ ತೂಕ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅದೇ ತೂಕಕ್ಕೆ ಗುರಿ ಇಡಿ.

ಉರಿ ಆರಿಸಿದ ಮೇಲೂ ಬೀಜ ತನ್ನ ಬಿಸಿಗೇ ಹುರಿಯುತ್ತಾ ಇರುತ್ತದೆ. ಸ್ಟೀಲ್ ಜರಡಿಗೆ ಸುರಿದು ಟೇಬಲ್ ಫ್ಯಾನ್ ಮುಂದೆ ಅಲುಗಾಡಿಸಿ. ಮೂರು ನಾಲ್ಕು ನಿಮಿಷದಲ್ಲಿ ಕೈಗೆ ತಾಳುವಷ್ಟು ತಣ್ಣಗಾಗಬೇಕು. ಆಮೇಲೆ ಮೊರ.

ಅವತ್ತೇ ಪುಡಿ ಮಾಡಬೇಡಿ. ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಿಸಿನೀರು ಹಾಕಿದ ಕೂಡಲೇ ಫಿಲ್ಟರ್‌ನಲ್ಲಿ ಪುಡಿ ನೊರೆಯಾಗಿ ಉಬ್ಬುತ್ತದೆ, ಡಿಕಾಕ್ಷನ್ ಸರಿಯಾಗಿ ಇಳಿಯುವುದಿಲ್ಲ. ಮೂರು ದಿನ ಬಿಡಿ. ಮೂರರಿಂದ ಹದಿನಾಲ್ಕನೇ ದಿನದವರೆಗೆ ರುಚಿ ಅತಿ ಚೆನ್ನಾಗಿರುತ್ತದೆ. ಮೊದಲ ದಿನ ಡಬ್ಬಿಯ ಮುಚ್ಚಳ ಸಡಿಲ ಇರಲಿ. ಹಸಿ ಬೀಜವನ್ನು ಮಳೆಗಾಲದಲ್ಲಿ ಬರೀ ಗೋಣಿಚೀಲದಲ್ಲಿ ಇಟ್ಟರೆ ತೇವ ಹೀರಿ ಮುಗ್ಗಲು ವಾಸನೆ ಬರುತ್ತದೆ. ಗಾಳಿಯಾಡದ ಡಬ್ಬಿಯೇ ಬೇಕು.

ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು. ಯಾವ ಉಪಕರಣವನ್ನೂ ಕೊಳ್ಳಬೇಡಿ. ಒಂದು ಕೆಜಿ ಅರೇಬಿಕಾ ಪೀಬೆರಿ ತನ್ನಿ, 200 ಗ್ರಾಂನಂತೆ ಐದು ಸಲ ಮನೆಯ ಕಬ್ಬಿಣದ ಬಾಣಲೆಯಲ್ಲೇ ಹುರಿಯಿರಿ. ಕಿಟಕಿ ತೆಗೆದಿಡಿ. ಒಂದನ್ನು ಫಸ್ಟ್ ಕ್ರ್ಯಾಕ್ ಮುಗಿದಾಗ ಇಳಿಸಿ. ಒಂದನ್ನು ಸೆಕೆಂಡ್ ಕ್ರ್ಯಾಕ್‌ನ ಮೊದಲ ಸದ್ದಿಗೆ ಇಳಿಸಿ. ಉಳಿದ ಮೂರನ್ನು ಈ ಎರಡರ ನಡುವೆ. ಡಬ್ಬಿಗಳ ಮೇಲೆ ತಾರೀಕು, ತೂಕ ಬರೆದು ಮನೆಯವರಿಗೆ ಹೇಳದೆ ಕಾಫಿ ಮಾಡಿ ಕೊಡಿ. ತಿಳಿ ಹದದ ಡಬ್ಬಿ ಮೊದಲು ಖಾಲಿಯಾದರೆ ಬಿಸಿಗಾಳಿಯ ಮಷೀನ್ ನೋಡಿ. ಕಡು ಹದದ್ದು ಖಾಲಿಯಾದರೆ ಡ್ರಮ್ ತನ್ನಿ.